ಎಲಿಶಾ ಕುಕ್ ಜೂನಿಯರ್: ಗ್ಯಾಂಗ್‌ಸ್ಟರ್ ಚಿತ್ರಗಳ ಆ ಸಣ್ಣ ಮನುಷ್ಯನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಲಿಶಾ ಕುಕ್ ಜೂನಿಯರ್ ಯಾರು?

ಹಾಲಿವುಡ್ಡಿನ ಹಳೆಯ ಕಪ್ಪು-ಬಿಳುಪು ಅಪರಾಧ ಚಿತ್ರಗಳನ್ನು ನಾಲ್ಕೈದು ನೋಡಿದ್ದರೂ ಸಾಕು, ಈ ಮುಖವನ್ನು ನೀವು ಕಂಡಿರುತ್ತೀರಿ. ಹೆಸರು ಗೊತ್ತಿರಲಿಕ್ಕಿಲ್ಲ. ಗಿಡ್ಡ ಮೈಕಟ್ಟು, ಇಳಿಬಿದ್ದ ಭುಜ, ಅಗಲ ಕಣ್ಣು, ಇನ್ನೇನು ಅದುರಲಿದೆ ಎನ್ನಿಸುವ ತುಟಿ. ಗ್ಯಾಂಗಿನ ನಾಯಕ ಮಾತನಾಡುವಾಗ ಅವನ ಹಿಂದೆ ನಿಂತಿರುವವರು, ಪೆಟ್ಟು ತಿನ್ನುವವರು, ಪಾಲು ಸಿಗುವ ಮೊದಲೇ ಸಾಯುವವರು ಇವರೇ.

1930ರಿಂದ 1988ರವರೆಗೆ, ಅಂದರೆ ಸುಮಾರು ಆರು ದಶಕ, ಕುಕ್ ಕ್ಯಾಮೆರಾ ಮುಂದೆ ದುಡಿದರು. ಸಿನಿಮಾ, ಟಿವಿ ಸೇರಿದರೆ ಅವರ ಪಾತ್ರಗಳು ನೂರನ್ನು ಎಷ್ಟೋ ಮೀರುತ್ತವೆ. ಆದರೂ ಜನ ನೆನಪಿಟ್ಟುಕೊಂಡಿರುವುದು ಮುಖ್ಯವಾಗಿ ಮೂರು ಪಾತ್ರಗಳನ್ನು: 'ದಿ ಮಾಲ್ಟೀಸ್ ಫಾಲ್ಕನ್' ಚಿತ್ರದ ವಿಲ್ಮರ್, 'ದಿ ಬಿಗ್ ಸ್ಲೀಪ್' ಚಿತ್ರದ ಹ್ಯಾರಿ ಜೋನ್ಸ್, 'ದಿ ಕಿಲ್ಲಿಂಗ್' ಚಿತ್ರದ ಜಾರ್ಜ್ ಪೀಟಿ. ಮೂವರೂ ಸೋತವರು, ಮೂವರೂ ಬೇರೆಯವರ ಕೈಯಲ್ಲಿ ಅವಮಾನ ಉಂಡವರು. ಆದರೆ ಒಬ್ಬನಂತೆ ಇನ್ನೊಬ್ಬನಿಲ್ಲ. ಕುಕ್ ಅವರ ಹಿರಿಮೆ ಇರುವುದು ಆ ವ್ಯತ್ಯಾಸದಲ್ಲಿ ಎಂಬುದು ನನ್ನ ಗಟ್ಟಿ ನಂಬಿಕೆ. ಈ ಪುಟದುದ್ದಕ್ಕೂ ಅದನ್ನೇ ತೋರಿಸಲು ಪ್ರಯತ್ನಿಸಿದ್ದೇನೆ.

ಚಿತ್ರಗಳ ಕಥೆ ಹೇಳದೆ ಈ ಪ್ರಶ್ನೆಗಳಿಗೆ ಉತ್ತರಿಸಲಾಗದು. ಮೊದಲು ಸಿನಿಮಾ ನೋಡಬೇಕು ಎನ್ನುವವರು ಕೊನೆಯ ಪ್ರಶ್ನೆಗೆ ಹೋಗಿ, ಅಲ್ಲಿಂದ ಒಂದನ್ನು ಆರಿಸಿಕೊಂಡು, ನೋಡಿದ ಮೇಲೆ ಮರಳಿ ಬನ್ನಿ.

ಹುಟ್ಟಿ ಬೆಳೆದದ್ದು ಎಲ್ಲಿ? ನಟನೆ ಕಲಿತದ್ದು ಹೇಗೆ?

ಹುಟ್ಟಿದ್ದು 1903ರ ಡಿಸೆಂಬರ್ 26ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಬೆಳೆದದ್ದು ಶಿಕಾಗೊದಲ್ಲಿ. ಹದಿಹರೆಯದಲ್ಲೇ ರಂಗಭೂಮಿಯ ನಂಟು ಬೆಳೆಯಿತು. ಊರೂರು ಸುತ್ತುವ ನಾಟಕ ಕಂಪನಿಗಳಲ್ಲಿ, ಹಾಡು, ಕುಣಿತ, ಹಾಸ್ಯ ಬೆರೆತ ವಾಡೆವಿಲ್ ರಂಗದಲ್ಲಿ ಪಳಗಿ ನ್ಯೂಯಾರ್ಕಿನ ಬ್ರಾಡ್ವೇ ತಲುಪಿದರು.

ಅಲ್ಲಿ ಅವರಿಗೆ ದೊಡ್ಡ ಹೆಸರು ತಂದದ್ದು 1933ರಲ್ಲಿ ರಂಗಕ್ಕೆ ಬಂದ ಯೂಜೀನ್ ಓನೀಲ್ ಅವರ 'ಆಹ್, ವೈಲ್ಡರ್ನೆಸ್!' ನಾಟಕ. ಅದರಲ್ಲಿ ಕವಿತೆ ಓದುತ್ತ, ಪ್ರೇಮದಲ್ಲಿ ಬಿದ್ದು, ಮನೆಯವರೊಡನೆ ಜಗಳವಾಡುವ ಹದಿಹರೆಯದ ಹುಡುಗ ರಿಚರ್ಡ್ ಮಿಲ್ಲರ್ ಪಾತ್ರ ಕುಕ್ ಅವರದು. ತಂದೆಯ ಪಾತ್ರದಲ್ಲಿದ್ದವರು ಅಮೆರಿಕದ ರಂಗಭೂಮಿಯ ಘಟಾನುಘಟಿ ಜಾರ್ಜ್ ಎಂ. ಕೋಹನ್. ಆಗ ಕುಕ್ ಅವರಿಗೆ 29 ವರ್ಷ. ಪ್ರೇಕ್ಷಕರು ಅವರನ್ನು ಹುಡುಗನೆಂದೇ ಒಪ್ಪಿಕೊಂಡರು. ವಯಸ್ಸಿಗಿಂತ ಎಳೆಯದಾಗಿ ಕಾಣುವ ಈ ಮುಖ ಮುಂದೆ ಅವರಿಗೆ ಅನ್ನವನ್ನೂ ಕೊಟ್ಟಿತು, ನಾಯಕನ ಪಟ್ಟವನ್ನೂ ತಪ್ಪಿಸಿತು.

ಅದೇ ನಾಟಕ 1935ರಲ್ಲಿ ಸಿನಿಮಾ ಆದಾಗ ಆ ಪಾತ್ರ ಕುಕ್ ಅವರಿಗೆ ಸಿಗಲಿಲ್ಲ, ಎರಿಕ್ ಲಿಂಡನ್ ಅವರ ಪಾಲಾಯಿತು.

ಸಿನಿಮಾಕ್ಕೆ ಬಂದ ಕೂಡಲೇ ಗೂಂಡಾ ಪಾತ್ರಗಳೇ ಸಿಕ್ಕವೇ?

ಇಲ್ಲ. ಮೊದಲ ಚಿತ್ರ 1930ರ 'ಹರ್ ಅನ್‌ಬಾರ್ನ್ ಚೈಲ್ಡ್'. ಅದಾದ ಮೇಲೆ ಮತ್ತೆ ರಂಗಭೂಮಿ. ಹಾಲಿವುಡ್ಡಿನಲ್ಲಿ ಬೇರೂರಿದ್ದು 1936ರ ನಂತರ. ಶುರುವಿನಲ್ಲಿ ಕಾಲೇಜು ಹುಡುಗರ ಪಾತ್ರಗಳೇ ಹೆಚ್ಚು. 1936ರ 'ಪಿಗ್‌ಸ್ಕಿನ್ ಪೆರೇಡ್' ಎಂಬ ಫುಟ್‌ಬಾಲ್ ಹಾಸ್ಯಚಿತ್ರದಲ್ಲಿ ಅವರದು ಕ್ರಾಂತಿಯ ಮಾತಾಡುವ ವಿದ್ಯಾರ್ಥಿಯ ಪಾತ್ರ. ಜೂಡಿ ಗಾರ್ಲೆಂಡ್ ನಟಿಸಿದ ಮೊದಲ ಪೂರ್ಣಾವಧಿ ಚಿತ್ರವೂ ಅದೇ.

ದಾರಿ ಬದಲಾದದ್ದು 1940ರಲ್ಲಿ, ಆರ್‌ಕೆಒ ಸಂಸ್ಥೆಯ 'ಸ್ಟ್ರೇಂಜರ್ ಆನ್ ದ ಥರ್ಡ್ ಫ್ಲೋರ್' ಎಂಬ ಒಂದು ಗಂಟೆ ಚಿಲ್ಲರೆಯ ಸಣ್ಣ ಚಿತ್ರದಿಂದ. ಅದರಲ್ಲಿ ಕುಕ್ ಟ್ಯಾಕ್ಸಿ ಚಾಲಕ ಜೋ ಬ್ರಿಗ್ಸ್. ಮಾಡದ ಕೊಲೆಗಾಗಿ ಅವನಿಗೆ ಶಿಕ್ಷೆಯಾಗುತ್ತದೆ. ನ್ಯಾಯಾಲಯದಿಂದ ಎಳೆದುಕೊಂಡು ಹೋಗುವಾಗ ತಾನು ಕೊಂದಿಲ್ಲ ಎಂದು ಅವನು ಕಿರುಚುವ ಕೂಗಿದೆಯಲ್ಲ, ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ. ಸಾಕ್ಷಿ ಹೇಳಿದ ಪತ್ರಕರ್ತನ ನೆಮ್ಮದಿ ಕೆಡುವುದು, ಅವನ ಗೆಳತಿಯ ಮನಸ್ಸು ಒಡೆಯುವುದು ಆ ಕೂಗಿನಿಂದ. ತೆರೆಯ ಮೇಲೆ ಕುಕ್ ಇರುವುದು ಕೆಲವೇ ನಿಮಿಷ, ಚಿತ್ರ ಮುಗಿಯುವ ತನಕ ಕಾಡುವುದು ಅವರದೇ ದನಿ.

ವಿಲ್ಮರ್ ಪಾತ್ರ ಅಷ್ಟೊಂದು ಪ್ರಸಿದ್ಧವಾದದ್ದು ಏಕೆ?

1941ರ 'ದಿ ಮಾಲ್ಟೀಸ್ ಫಾಲ್ಕನ್' ಜಾನ್ ಹ್ಯೂಸ್ಟನ್ ನಿರ್ದೇಶಿಸಿದ ಮೊದಲ ಚಿತ್ರ. ಹಂಫ್ರಿ ಬೋಗಾರ್ಟ್, ಮೇರಿ ಆಸ್ಟರ್, ಪೀಟರ್ ಲೋರಿ, ಅರುವತ್ತು ದಾಟಿದ ಮೇಲೆ ಮೊದಲ ಬಾರಿಗೆ ಸಿನಿಮಾದಲ್ಲಿ ನಟಿಸಿದ ಸಿಡ್ನಿ ಗ್ರೀನ್‌ಸ್ಟ್ರೀಟ್: ಇಂಥವರ ನಡುವೆ ಕುಕ್ ನಿಲ್ಲಬೇಕಿತ್ತು. ವಿಲ್ಮರ್ ಕಳ್ಳರ ಗುಂಪಿನ ಯಜಮಾನ ಗಟ್‌ಮನ್‌ನ ಬಂದೂಕುಧಾರಿ ಬಂಟ. ಎಲ್ಲರೂ ಅವನನ್ನು ಹುಡುಗನೆಂದು ಕರೆಯುತ್ತಾರೆ. ಆಗ ಕುಕ್ ಅವರಿಗೆ 37 ವರ್ಷ.

ಪಾತ್ರ ಕಟ್ಟಿರುವ ಬಗೆ ಗಮನಿಸಿ. ಹೋಟೆಲಿನ ಮೊಗಸಾಲೆಯಲ್ಲಿ ಪತ್ರಿಕೆ ಹಿಡಿದು ಕುಳಿತವನನ್ನು ಪತ್ತೇದಾರ ಸ್ಪೇಡ್ ಕೆಣಕುತ್ತಾನೆ. ವಿಲ್ಮರ್ ಬೆದರಿಕೆಯ ದೊಡ್ಡ ಮಾತು ಆಡುತ್ತಾನೆ. ಸ್ಪೇಡ್ ಹೋಟೆಲಿನ ಕಾವಲುಗಾರನನ್ನು ಕರೆದು ಅವನನ್ನು ಹೊರಗಟ್ಟಿಸುತ್ತಾನೆ. ಮುಂದೊಮ್ಮೆ ಗಟ್‌ಮನ್‌ನ ಕೋಣೆಗೆ ನಡೆಯುವಾಗ ಸ್ಪೇಡ್ ಹಿಂದಿನಿಂದ ವಿಲ್ಮರ್‌ನ ಮೇಲಂಗಿಯನ್ನು ಭುಜದಿಂದ ಕೆಳಕ್ಕೆ ಜಗ್ಗುತ್ತಾನೆ. ತೋಳುಗಳು ಅಂಗಿಯೊಳಗೇ ಸಿಕ್ಕಿಬೀಳುತ್ತವೆ, ಎರಡೂ ಪಿಸ್ತೂಲು ಸ್ಪೇಡ್‌ನ ಕೈಗೆ ಬರುತ್ತವೆ. ಒಳಗೆ ಹೋಗಿ ಅವನ್ನು ಯಜಮಾನನಿಗೆ ಒಪ್ಪಿಸುವಾಗ, ಒಬ್ಬ ಕುಂಟ ಪತ್ರಿಕೆ ಮಾರುವವ ಇವನಿಂದ ಕಿತ್ತುಕೊಂಡಿದ್ದ, ನಾನು ವಾಪಸ್ ಕೊಡಿಸಿದೆ ಎನ್ನುತ್ತಾನೆ ಸ್ಪೇಡ್. ಪ್ರೇಕ್ಷಕರು ನಗುತ್ತಾರೆ. ಕುಕ್ ಅವರ ಮುಖ ನೋಡಿದವರಿಗೆ ನಗು ಅರ್ಧದಲ್ಲೇ ನಿಲ್ಲುತ್ತದೆ. ಆ ಮುಖದಲ್ಲಿರುವುದು ಸಿಟ್ಟಲ್ಲ. ತಾನು ಬಯಲಾದೆನೆಂಬ ಭಯ.

ಕೊನೆಯ ಭಾಗದಲ್ಲಿ ಪೊಲೀಸರಿಗೆ ಒಪ್ಪಿಸಲು ಒಬ್ಬ ಹರಕೆಯ ಕುರಿ ಬೇಕಾಗುತ್ತದೆ. ವಿಲ್ಮರ್‌ನನ್ನು ಕೊಡೋಣ ಎಂದು ಸ್ಪೇಡ್ ಸಲಹೆ ಮಾಡುತ್ತಾನೆ. ಸ್ವಂತ ಮಗನಂತೆ ನೋಡಿಕೊಂಡವನು ಎನ್ನುತ್ತಿದ್ದ ಗಟ್‌ಮನ್ ಕೊನೆಗೆ ಒಪ್ಪುತ್ತಾನೆ. ಮಗ ಹೋದರೆ ಇನ್ನೊಬ್ಬ ಸಿಗಬಹುದು, ಫಾಲ್ಕನ್ (ಎಲ್ಲರೂ ಬೆನ್ನುಹತ್ತಿರುವ ಗಿಡುಗದ ಬೆಲೆಬಾಳುವ ಪ್ರತಿಮೆ) ಇರುವುದು ಒಂದೇ ಎಂಬುದು ಅವನ ವಾದ. ಪಿಸ್ತೂಲು ಹಿಡಿದು ಎದ್ದು ನಿಂತ ವಿಲ್ಮರ್‌ನ ಕಣ್ಣಲ್ಲಿ ನೀರು ತುಂಬುತ್ತದೆ. ಬಂದೂಕು ಹಿಡಿದವನು ಅಳುವುದನ್ನು ಗ್ಯಾಂಗ್‌ಸ್ಟರ್ ಚಿತ್ರಗಳಲ್ಲಿ ನಾವು ಎಷ್ಟು ಸಲ ನೋಡಿದ್ದೇವೆ? ಅವನು ಹೊಡೆತ ತಿಂದು ಪ್ರಜ್ಞೆ ತಪ್ಪಿ, ಮತ್ತೆ ಕಣ್ಣು ತೆರೆದಾಗ ಹ್ಯೂಸ್ಟನ್ ಸುತ್ತಲಿನ ಮುಖಗಳನ್ನು ಒಂದೊಂದಾಗಿ ಕ್ಲೋಸ್‌ಅಪ್‌ನಲ್ಲಿ ತೋರಿಸುತ್ತಾರೆ. ಎಲ್ಲರೂ ಅವನನ್ನೇ ನೋಡುತ್ತಿದ್ದಾರೆ. ತನ್ನನ್ನು ಮಾರಿಯಾಗಿದೆ ಎಂಬುದು ಅವನಿಗೆ ಹೊಳೆಯುವುದು ಆಗ. ಮಾತು ಒಂದೂ ಬೇಕಾಗಿಲ್ಲ.

ಇದೇ ವಿಲ್ಮರ್ ಅದಕ್ಕೂ ಮೊದಲು ಮತ್ತಿನ ಮದ್ದು ಕುಡಿದು ಕುಸಿದು ಬಿದ್ದ ಸ್ಪೇಡ್‌ನ ತಲೆಗೆ ಒದೆಯುವವನು ಎಂಬುದನ್ನೂ ಮರೆಯಬಾರದು. ಕುಕ್ ಅವನನ್ನು ಮುಗ್ಧನನ್ನಾಗಿ ಮಾಡುವುದಿಲ್ಲ. ಕೊಲೆಗಾರನೂ ಹೌದು, ಕೈಬಿಟ್ಟ ಮಗನೂ ಹೌದು.

ಪಾತ್ರದ ಪೂರ್ತಿ ಹೆಸರು 'ವಿಲ್ಮರ್ ಕುಕ್'. ನಟನ ಹೆಸರಿನಿಂದ ಬಂದದ್ದೇ?

ಕಾಕತಾಳೀಯ, ಅಷ್ಟೆ. ಡ್ಯಾಶಿಯಲ್ ಹ್ಯಾಮೆಟ್ ಅವರ ಕಾದಂಬರಿ ಪುಸ್ತಕವಾಗಿ ಬಂದದ್ದು 1930ರಲ್ಲಿ, ಪಾತ್ರಕ್ಕೆ ಆ ಹೆಸರು ಅಲ್ಲಿಯೇ ಇದೆ. 1931ರಲ್ಲಿ ಅದೇ ಕಥೆ ಮೊದಲ ಸಲ ಸಿನಿಮಾ ಆದಾಗ ವಿಲ್ಮರ್ ಆಗಿದ್ದವರು ಡ್ವೈಟ್ ಫ್ರೈ. ಕಾದಂಬರಿಯಲ್ಲಿ ವಿಲ್ಮರ್ ಕೊನೆಗೆ ಗಟ್‌ಮನ್‌ನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಹ್ಯೂಸ್ಟನ್ ಅವರ ಚಿತ್ರದಲ್ಲಿ ಆ ಸೇಡು ಇಲ್ಲ.

'ದಿ ಬಿಗ್ ಸ್ಲೀಪ್' ಚಿತ್ರದಲ್ಲಿ ಅವರದು ತೀರ ಸಣ್ಣ ಪಾತ್ರವಲ್ಲವೇ?

ಸಣ್ಣದು ನಿಜ. ಆದರೆ 1946ರ ಈ ಹಾವರ್ಡ್ ಹಾಕ್ಸ್ ಚಿತ್ರದ ಜಟಿಲ ಕಥೆಯಲ್ಲಿ ಯಾರು ಯಾರನ್ನು ಕೊಂದರು ಎಂಬುದು ಮರೆತುಹೋದ ಮೇಲೂ ನೆನಪಿನಲ್ಲಿ ಉಳಿಯುವುದು ಹ್ಯಾರಿ ಜೋನ್ಸ್‌ನ ಸಾವು.

ಜೋನ್ಸ್ ಪತ್ತೇದಾರ ಮಾರ್ಲೋನನ್ನು (ಆ ಪಾತ್ರದಲ್ಲಿ ಬೋಗಾರ್ಟ್) ಕಾರಿನಲ್ಲಿ ಹಿಂಬಾಲಿಸುತ್ತಿರುವ ಕುಳ್ಳ ಮನುಷ್ಯ. ಓಣಿಯಲ್ಲಿ ಇಬ್ಬರು ಗೂಂಡಾಗಳು ಮಾರ್ಲೋಗೆ ಹೊಡೆಯುವಾಗ ದೂರ ನಿಂತು ನೋಡುತ್ತಾನೆ. ಆಮೇಲೆ ಬಂದು ಕೈಹಿಡಿದು ಎಬ್ಬಿಸುತ್ತಾನೆ. ಬೇರೆಯವರ ಆಟದಲ್ಲಿ ತಾನು ತಲೆಹಾಕುವುದಿಲ್ಲ ಎಂಬುದು ಅವನ ಸಮಜಾಯಿಷಿ. 200 ಡಾಲರಿಗೆ ಒಂದು ಸುದ್ದಿ ಮಾರಲು ಬಂದಿದ್ದಾನೆ, ಆ ಹಣ ಆಗ್ನೆಸ್ ಎಂಬ ಹೆಣ್ಣಿಗಾಗಿ. ಅವಳು ನಿನ್ನ ಅಳತೆಗೆ ಮೀರಿದವಳು ಎಂದು ಮಾರ್ಲೋ ಚುಚ್ಚಿದಾಗ, ಅದು ಆಡಬಾರದ ಮಾತು ಎಂದು ಜೋನ್ಸ್ ಸಮಾಧಾನದಿಂದಲೇ ಹೇಳುತ್ತಾನೆ. ಅಷ್ಟರಿಂದಲೇ ಮಾರ್ಲೋನ ಕಣ್ಣಲ್ಲಿ, ನಮ್ಮ ಕಣ್ಣಲ್ಲಿ ಅವನು ಒಂದು ಮೆಟ್ಟಿಲು ಮೇಲೇರುತ್ತಾನೆ.

ರಾತ್ರಿ ಜೋನ್ಸ್‌ನ ಕಚೇರಿ. ಮಾರ್ಲೋ ಪಕ್ಕದ ಕೋಣೆಯಲ್ಲಿ ಅಡಗಿ ಕೇಳಿಸಿಕೊಳ್ಳುತ್ತಿದ್ದಾನೆ. ಒಳಗೆ ಬಾಡಿಗೆ ಕೊಲೆಗಾರ ಕನೀನೊ, ಆಗ್ನೆಸ್ ಎಲ್ಲಿದ್ದಾಳೆ ಎಂದು ಕೇಳುತ್ತಿದ್ದಾನೆ. ಜೋನ್ಸ್ ಹೆದರಿ ವಿಳಾಸ ಹೇಳಿಬಿಡುತ್ತಾನೆ. ಕನೀನೊ ಸ್ನೇಹದಿಂದ ಒಂದು ಲೋಟ ಮದ್ಯ ಕೊಡುತ್ತಾನೆ. ಜೋನ್ಸ್ ಕುಡಿಯುತ್ತಾನೆ, ಒಂದು ಥರ ನಗುತ್ತಾನೆ, ಕುಸಿಯುತ್ತಾನೆ. ವಿಷ. ಕೊಲೆಗಾರ ಹೋದ ಮೇಲೆ ಮಾರ್ಲೋ ಆ ವಿಳಾಸಕ್ಕೆ ಫೋನ್ ಮಾಡಿ ವಿಚಾರಿಸುತ್ತಾನೆ. ಆಗ್ನೆಸ್ ಅಲ್ಲಿಲ್ಲ. ಜೋನ್ಸ್ ಸುಳ್ಳು ವಿಳಾಸ ಕೊಟ್ಟು ಸತ್ತಿದ್ದಾನೆ.

ಇಲ್ಲಿ ಕುಕ್ ಮಾಡಿರುವ ಕೆಲಸ ಬಹಳ ಸೂಕ್ಷ್ಮವಾದದ್ದು. ಸುಳ್ಳು ಹೇಳುವಾಗ ಧೈರ್ಯದ ಸುಳಿವನ್ನು ಒಂದಿಷ್ಟೂ ಬಿಟ್ಟುಕೊಡುವುದಿಲ್ಲ. ಪೂರ್ತಿ ಹೆದರಿದವನ ದನಿಯಲ್ಲೇ ಹೇಳುತ್ತಾರೆ. ಕನೀನೊ ನಂಬಬೇಕು, ನಾವೂ ನಂಬಬೇಕು. ನಿಜ ಗೊತ್ತಾದ ಮೇಲೆ ಆ ದೃಶ್ಯವನ್ನು ಮತ್ತೊಮ್ಮೆ ನೋಡಿ: ಭಯ ನಟನೆಯಲ್ಲ, ನಿಜವಾದ ಭಯವೇ, ಭಯಪಡುತ್ತಲೇ ಅವನು ಅವಳನ್ನು ಕಾಪಾಡಿದ್ದಾನೆ. ಈ ಚಿತ್ರದಲ್ಲಿ ಬೋಗಾರ್ಟ್ ತೋರುವ ಯಾವ ಧೈರ್ಯವೂ ನನಗೆ ಇದಕ್ಕಿಂತ ದೊಡ್ಡದಾಗಿ ಕಂಡಿಲ್ಲ.

ಇವನ್ನೆಲ್ಲ ಗ್ಯಾಂಗ್‌ಸ್ಟರ್ ಚಿತ್ರಗಳು ಎನ್ನಬಹುದೇ? ಇವು ನುವಾರ್ ಚಿತ್ರಗಳಲ್ಲವೇ?

ಎರಡೂ ಹೌದು. ನುವಾರ್ ಎಂದರೆ ನೆರಳು-ಬೆಳಕಿನ, ನಿರಾಶೆ ತುಂಬಿದ ಅಪರಾಧ ಚಿತ್ರಗಳು. 1931ರ 'ಲಿಟಲ್ ಸೀಸರ್', 'ದಿ ಪಬ್ಲಿಕ್ ಎನಿಮಿ', 1932ರ 'ಸ್ಕಾರ್‌ಫೇಸ್' ಚಿತ್ರಗಳಲ್ಲಿ ಗೂಂಡಾ ಏರಿ ಬೀಳುವ ನಾಯಕ. 1934ರಿಂದ ಹಾಲಿವುಡ್ಡಿನ ನಿರ್ಮಾಣ ಸಂಹಿತೆ, ಅಂದರೆ ತೆರೆಯ ಮೇಲೆ ಏನು ತೋರಿಸಬಹುದು, ಏನು ಕೂಡದು ಎಂಬ ನಿಯಮಾವಳಿ, ಬಿಗಿಯಾಗಿ ಜಾರಿಯಾದ ಮೇಲೆ ಅಂಥ ವೈಭವಕ್ಕೆ ಕಡಿವಾಣ ಬಿತ್ತು. ನಲವತ್ತರ ದಶಕದ ಹೊತ್ತಿಗೆ ಗಮನ ಪತ್ತೇದಾರರ ಕಡೆಗೆ, ಒಡೆದುಹೋದ ಗುಂಪುಗಳ ಕಡೆಗೆ, ಕೆಟ್ಟುಹೋದ ದರೋಡೆಗಳ ಕಡೆಗೆ ಹೊರಳಿತು. ಕುಕ್ ಅವರಿಗೆ ಕೆಲಸ ಹೆಚ್ಚಿದ್ದು ಇದೇ ಕಾಲದಲ್ಲಿ.

ಅಪ್ಪಟ ಗ್ಯಾಂಗ್‌ಸ್ಟರ್ ಕಥೆಗಳಲ್ಲೂ ಅವರಿದ್ದಾರೆ. 1945ರ 'ಡಿಲಿಂಜರ್' ಮೊನೊಗ್ರಾಮ್ ಎಂಬ ಬಡ ಸ್ಟುಡಿಯೊದ ಚಿತ್ರ, ಆದರೂ ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನ ಪಡೆಯಿತು. ಅದರಲ್ಲಿ ಕುಕ್ ಮೂವತ್ತರ ದಶಕದ ಕುಖ್ಯಾತ ಬ್ಯಾಂಕ್ ದರೋಡೆಕೋರ ಡಿಲಿಂಜರ್‌ನ ಗುಂಪಿನ ಕರ್ಕ್ ಓಟೊ. 1957ರಲ್ಲಿ ಡಾನ್ ಸೀಗಲ್ ನಿರ್ದೇಶಿಸಿದ 'ಬೇಬಿ ಫೇಸ್ ನೆಲ್ಸನ್' ಚಿತ್ರದಲ್ಲಿ ಹೋಮರ್ ವ್ಯಾನ್ ಮೀಟರ್, ಅಂದರೆ ನಿಜವಾದ ಡಿಲಿಂಜರ್ ಗುಂಪಿನಲ್ಲಿದ್ದು 1934ರಲ್ಲಿ ಪೊಲೀಸರ ಗುಂಡಿಗೆ ಸತ್ತ ದರೋಡೆಕೋರ. 1947ರಲ್ಲಿ 'ದಿ ಗ್ಯಾಂಗ್‌ಸ್ಟರ್' ಎಂಬ ಹೆಸರಿನ ಚಿತ್ರದಲ್ಲೂ ಪಾತ್ರ ಮಾಡಿದರು.

ಅಷ್ಟೊಂದು ಚಿತ್ರಗಳಲ್ಲಿ ಅವರು ಸಾಯುವುದೇಕೆ?

ನಾಯಕ ಉಳಿಯಬೇಕು, ಅಪರಾಧಕ್ಕೆ ಶಿಕ್ಷೆಯಾಗಬೇಕು, ಅಪಾಯ ನಿಜವೆಂದು ಪ್ರೇಕ್ಷಕರಿಗೆ ಅನ್ನಿಸಬೇಕು. ಮೂರೂ ಒಟ್ಟಿಗೆ ಆಗಬೇಕಾದರೆ ನಡುವಿನಲ್ಲಿ ಯಾರಾದರೂ ಸಾಯಲೇಬೇಕು. ಆ ಯಾರೋ ಒಬ್ಬ ಕುಕ್. ನಿರ್ದೇಶಕರಿಗೆ ಅವರು ಬೇಕಾಗಿದ್ದುದು, ಅವರು ಸತ್ತರೆ ಆ ಸಾವು ತೂಕ ಪಡೆಯುತ್ತಿತ್ತು ಎಂಬ ಕಾರಣಕ್ಕೆ.

1944ರ 'ಫ್ಯಾಂಟಮ್ ಲೇಡಿ'ಯಲ್ಲಿ ಕತ್ತು ಹಿಸುಕಿಸಿಕೊಂಡು ಸಾಯುತ್ತಾರೆ. 1946ರಲ್ಲಿ ವಿಷ. ರಾಬರ್ಟ್ ವೈಸ್ ನಿರ್ದೇಶನದ 1947ರ 'ಬಾರ್ನ್ ಟು ಕಿಲ್' ಚಿತ್ರದಲ್ಲಿ ಕೊಲೆಗಾರ ಗೆಳೆಯನಿಗಾಗಿ ತಾನೂ ಕೊಲೆಗೆ ಇಳಿದ ಮಾರ್ಟಿ, ಅದೇ ಗೆಳೆಯನ ಇಲ್ಲದ ಅನುಮಾನಕ್ಕೆ ಚಾಕುವಿನ ಇರಿತ ತಿಂದು ಸಾಯುತ್ತಾನೆ. ನಿಷ್ಠೆಗೆ ಇಂಥ ಪ್ರತಿಫಲ ಕೊಡುವುದು ಗ್ಯಾಂಗ್‌ಸ್ಟರ್ ಲೋಕದ ನಿಯಮ. ಅದನ್ನು ಮೈಯಲ್ಲಿ ಹೊತ್ತು ತೋರಿಸಿದ ನಟ ಇನ್ನೊಬ್ಬರಿಲ್ಲ.

ಗ್ಯಾಂಗ್‌ಸ್ಟರ್ ಚಿತ್ರವಲ್ಲದಿದ್ದರೂ 1953ರ 'ಶೇನ್' ಎಂಬ ಕೌಬಾಯ್ ಚಿತ್ರದ ಸಾವನ್ನು ಇಲ್ಲಿ ಹೇಳಲೇಬೇಕು. ಮುಂಗೋಪಿ ರೈತ ಸ್ಟೋನ್‌ವಾಲ್ ಟಾರಿಯನ್ನು ಜ್ಯಾಕ್ ಪ್ಯಾಲೆನ್ಸ್ ಅವರ ಬಾಡಿಗೆ ಬಂದೂಕುಗಾರ ಮಾತಿನಲ್ಲಿ ಕೆಣಕುತ್ತಾನೆ. ಟಾರಿ ಪಿಸ್ತೂಲು ಎತ್ತುವಷ್ಟರಲ್ಲಿ ಎದುರಿನವನ ಪಿಸ್ತೂಲು ಹೊರಗಿದೆ. ಆಮೇಲೊಂದು ದೀರ್ಘ ಕ್ಷಣ. ಟಾರಿಗೆ ತಾನು ಸೋತೆನೆಂದು ತಿಳಿದಿದೆ, ಇನ್ನೂ ಗುಂಡು ಹಾರಿಲ್ಲ. ಹಾರಿದಾಗ ದೇಹ ಹಿಂದಕ್ಕೆ ಚಿಮ್ಮಿ ಕೆಸರಿಗೆ ಬೀಳುತ್ತದೆ. ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಕುಕ್ ಅವರ ಮೈಗೆ ಕಾಣದಂತೆ ತಂತಿ ಕಟ್ಟಿಸಿ ಹಿಂದಕ್ಕೆ ಎಳೆಸಿದ್ದರು. ಗುಂಡು ತಗುಲಿದವರು ಎದೆ ಹಿಡಿದುಕೊಂಡು ಮೆಲ್ಲಗೆ ಕುಸಿಯುತ್ತಿದ್ದ ಕಾಲದಲ್ಲಿ ಈ ದೃಶ್ಯ ಪ್ರೇಕ್ಷಕರನ್ನು ಬೆಚ್ಚಿಬೀಳಿಸಿತು.

'ದಿ ಕಿಲ್ಲಿಂಗ್' ಅವರ ಅತ್ಯುತ್ತಮ ಪಾತ್ರವೇ?

ನನ್ನ ಮಟ್ಟಿಗೆ ಹೌದು. ಸ್ಟ್ಯಾನ್ಲಿ ಕುಬ್ರಿಕ್ 28 ತುಂಬುವ ಮೊದಲೇ ಮಾಡಿದ 1956ರ ಈ ಚಿತ್ರ ಕುದುರೆ ರೇಸಿನ ಮೈದಾನದಿಂದ 20 ಲಕ್ಷ ಡಾಲರ್ ದೋಚುವ ಸಂಚಿನ ಕಥೆ. ಕಾಲವನ್ನು ಹಿಂದೆ ಮುಂದೆ ಮಾಡಿ, ಒಂದೇ ಹಗಲನ್ನು ಬೇರೆ ಬೇರೆ ಜನರ ಕಡೆಯಿಂದ ಹೇಳುತ್ತದೆ. ಕುಕ್ ಇಲ್ಲಿ ರೇಸ್ ಮೈದಾನದ ಕ್ಯಾಷಿಯರ್ ಜಾರ್ಜ್ ಪೀಟಿ. ಅವನು ಒಳಗಿನಿಂದ ಒಂದು ಬಾಗಿಲು ತೆರೆಯಬೇಕು. ಇಡೀ ದರೋಡೆಯಲ್ಲಿ ಅವನ ಕೆಲಸ ಅಷ್ಟೇ.

ಜಾರ್ಜ್‌ಗೆ ದರೋಡೆ ಏಕೆ ಬೇಕು? ಹೆಂಡತಿ ಶೆರಿ ಅವನನ್ನು ಪ್ರೀತಿಸಲಿ ಎಂದು. ಮರೀ ವಿಂಡ್ಸರ್ ಆ ಪಾತ್ರದಲ್ಲಿದ್ದಾರೆ, ಗಂಡನಿಗಿಂತ ಎತ್ತರ, ಮಾತಿನಲ್ಲಿ ಚಾಕು. ಮನೆಯೊಳಗಿನ ಮೊದಲ ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಕೆಲಸ ಮುಗಿಸಿ ಬಂದ ಜಾರ್ಜ್ ಹೊಟ್ಟೆನೋವು ಎನ್ನುತ್ತಾನೆ. ಅವಳು ಸೋಫಾದಿಂದ ಏಳುವುದಿಲ್ಲ, ಒಂದೊಂದು ಮಾತಿಗೂ ಒಂದೊಂದು ಕೊಂಕು. ಅವನು ಸಿಟ್ಟಾಗುವುದಿಲ್ಲ. ಅವಳ ಕೊಂಕಿನಲ್ಲೂ ಒಂದು ತೊಟ್ಟು ಅಕ್ಕರೆ ಇರಬಹುದೇ ಎಂದು ಮುಖ ನೋಡುತ್ತಾನೆ. ಕೊನೆಗೆ, ಸದ್ಯದಲ್ಲೇ ನನ್ನ ಬಳಿ ಬಹಳ ಹಣ ಬರಲಿದೆ ಎಂದುಬಿಡುತ್ತಾನೆ. ಅಲ್ಲಿಗೆ ಸಂಚು ಮುರಿಯಿತು. ಶೆರಿ ಅದನ್ನು ತನ್ನ ಪ್ರಿಯಕರ ವ್ಯಾಲ್‌ಗೆ ದಾಟಿಸುತ್ತಾಳೆ.

ಕೊನೆಯಲ್ಲಿ ಎಲ್ಲರೂ ಹಣಕ್ಕಾಗಿ ಕಾಯುತ್ತಿರುವ ಕೋಣೆಗೆ ವ್ಯಾಲ್ ಬಂದೂಕು ಹಿಡಿದು ನುಗ್ಗಿ, ಆ ಪೆದ್ದ ಎಲ್ಲಿ ಎಂದು ಕೇಳುತ್ತಾನೆ. ಪೆದ್ದ ಇಲ್ಲೇ ಇದ್ದಾನೆ ಎನ್ನುತ್ತ ಜಾರ್ಜ್ ಒಳಕೋಣೆಯಿಂದ ಗುಂಡು ಹಾರಿಸುತ್ತ ಬರುತ್ತಾನೆ. ಕೆಲವು ಸೆಕೆಂಡುಗಳಲ್ಲಿ ಕೋಣೆಯಲ್ಲಿ ಬದುಕಿ ನಿಂತವನು ಅವನೊಬ್ಬನೇ, ಮುಖವೆಲ್ಲ ರಕ್ತ. ಕ್ಯಾಮೆರಾ ಅವನ ಕಣ್ಣಾಗಿ ಹೆಣಗಳ ನಡುವೆ ತೂರಾಡುತ್ತ ಸಾಗುತ್ತದೆ. ಅವನು ಕಾರು ಓಡಿಸಿಕೊಂಡು ಮನೆಗೆ ಹೋಗುತ್ತಾನೆ. ಶೆರಿ ಗಂಟುಮೂಟೆ ಕಟ್ಟುತ್ತಿದ್ದಾಳೆ. ಅವಳನ್ನು ಕೊಂದು, ಪಂಜರದ ಗಿಳಿಯನ್ನೂ ಬೀಳಿಸಿಕೊಂಡು ತಾನೂ ನೆಲಕ್ಕೆ ಬೀಳುತ್ತಾನೆ.

ವಿಲ್ಮರ್ ಅತ್ತಿದ್ದ, ಜೋನ್ಸ್ ಸುಳ್ಳು ಹೇಳಿದ್ದ, ಜಾರ್ಜ್ ಕೊಲ್ಲುತ್ತಾನೆ. ಹದಿನೈದು ವರ್ಷಗಳ ಅಂತರದಲ್ಲಿ ಒಂದೇ ಬಗೆಯ ತುಳಿತಕ್ಕೆ ಮೂರು ಬಗೆಯ ಉತ್ತರ. ಕುಕ್ ಅವರಿಗೆ ಆಗ 52 ವರ್ಷ. ಹುಡುಗನ ಮುಖ ಹೋಗಿ ಅಲ್ಲಿ ದಣಿವು ಬಂದಿತ್ತು, ಆ ದಣಿವನ್ನೂ ಅವರು ಪಾತ್ರಕ್ಕೆ ಕೊಟ್ಟರು.

ಅವರು ಹೆದರುಪುಕ್ಕಲರ ಪಾತ್ರ ಮಾತ್ರ ಮಾಡಿದರೇ?

ಹಾಗೆ ಹೇಳುವವರು 'ಫ್ಯಾಂಟಮ್ ಲೇಡಿ' ನೋಡಬೇಕು. ರಾಬರ್ಟ್ ಸಿಯೋಡ್‌ಮ್ಯಾಕ್ ನಿರ್ದೇಶನದ ಆ ಚಿತ್ರದಲ್ಲಿ ಕುಕ್ ರಂಗಮಂದಿರದ ವಾದ್ಯತಂಡದ ಡ್ರಮ್ಮರ್ ಕ್ಲಿಫ್. ಕೊಲೆಯ ಸುಳಿವು ಹುಡುಕುತ್ತಿರುವ ನಾಯಕಿ ಎಲಾ ರೇನ್ಸ್ ವೇಷ ಮರೆಸಿಕೊಂಡು ಅವನೊಡನೆ ಒಂದು ಇಕ್ಕಟ್ಟಾದ ಕೋಣೆಯ ಜಾಝ್ ಮೇಳಕ್ಕೆ ಹೋಗುತ್ತಾಳೆ. ಕ್ಲಿಫ್ ಅವಳನ್ನೇ ನೋಡುತ್ತ ಡ್ರಮ್ ಬಾರಿಸತೊಡಗುತ್ತಾನೆ. ವೇಗ ಏರುತ್ತದೆ, ಬೆವರು ಇಳಿಯುತ್ತದೆ, ಬಾಯಿ ತೆರೆಯುತ್ತದೆ, ಕಣ್ಣಿನಲ್ಲಿ ನಾಚಿಕೆ ಎಂಬುದೇ ಉಳಿಯುವುದಿಲ್ಲ. ಸಂಹಿತೆಯ ಕಾವಲುಗಾರರು ಒಂದು ಚುಂಬನದ ಉದ್ದವನ್ನೂ ಅಳೆಯುತ್ತಿದ್ದ ಕಾಲದಲ್ಲಿ ಕಾಮವನ್ನು ಇಷ್ಟು ಬೆತ್ತಲಾಗಿ ತೋರಿಸಿದ ದೃಶ್ಯ ಹೇಗೆ ದಾಟಿಹೋಯಿತೋ ಎಂದು ಈಗಲೂ ಬೆರಗಾಗುತ್ತದೆ.

1941ರ 'ಐ ವೇಕ್ ಅಪ್ ಸ್ಕ್ರೀಮಿಂಗ್' ಚಿತ್ರದಲ್ಲಿ ಅವರು ಯಾರ ಗಮನಕ್ಕೂ ಬಾರದ ದೂರವಾಣಿ ಸ್ವಿಚ್‌ಬೋರ್ಡ್ ನೌಕರ. ಗಮನಕ್ಕೆ ಬಾರದವನೇ ಕೊಲೆಗಾರ. 1952ರ 'ಡೋಂಟ್ ಬಾದರ್ ಟು ನಾಕ್' ಚಿತ್ರದಲ್ಲಿ ಮರ್ಲಿನ್ ಮನ್ರೊ ಪಾತ್ರದ ಚಿಕ್ಕಪ್ಪ, ಹೋಟೆಲಿನ ಲಿಫ್ಟ್ ನಡೆಸುವವ. ಮಗಳಂಥವಳಿಗೆ ಒಂದು ಕೆಲಸ ಕೊಡಿಸಿ, ಅದು ಕೈಮೀರಿ ಹೋಗುವುದನ್ನು ನೋಡುತ್ತ ಬೆವರುವ ಆ ಪಾತ್ರದಲ್ಲಿ ಕಳವಳ ಇದೆ, ಪುಕ್ಕಲುತನ ಇಲ್ಲ.

ಇಷ್ಟು ಪ್ರತಿಭೆಯಿದ್ದೂ ನಾಯಕರಾಗಲಿಲ್ಲ ಏಕೆ?

ಆ ಕಾಲದ ಹಾಲಿವುಡ್ಡಿನಲ್ಲಿ ನಾಯಕನೆಂದರೆ ಎತ್ತರ, ಗಡಸು ಕಂಠ, ಹೆಣ್ಣು ನೋಡಿ ಸೋಲುವ ರೂಪು. ಕುಕ್ ಅವರಿಗೆ ಇದ್ಯಾವುದೂ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ವಾರ್ನರ್, ಫಾಕ್ಸ್, ಆರ್‌ಕೆಒ, ಯೂನಿವರ್ಸಲ್, ಮೊನೊಗ್ರಾಮ್ ಹೀಗೆ ಎಲ್ಲ ಸ್ಟುಡಿಯೊಗಳಲ್ಲೂ ಅವರು ಕಾಣಿಸುತ್ತಾರೆ. ನಕ್ಷತ್ರವನ್ನು ಬೆಳೆಸಲು ಒಂದು ಸ್ಟುಡಿಯೊ ಹಣ ಹೂಡಬೇಕಿತ್ತು. ಇಂಥವರನ್ನು ಎಲ್ಲರೂ ಕರೆಯುತ್ತಾರೆ, ಯಾರೂ ಬೆಳೆಸುವುದಿಲ್ಲ.

ಇದನ್ನು ಅನ್ಯಾಯ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಾಯಕನಿಗೆ ಪ್ರತಿ ಚಿತ್ರದಲ್ಲೂ ತನ್ನ ಹೆಸರನ್ನು ಉಳಿಸಿಕೊಳ್ಳುವ ಹೊರೆ ಇರುತ್ತದೆ. ಕುಕ್ ಅವರಿಗೆ ಸೋಲಲು, ಅಳಲು, ನಾಚಿಕೆಗೆಡಲು ಪೂರ್ತಿ ಸ್ವಾತಂತ್ರ್ಯವಿತ್ತು.

ಅವರು ಬೆಟ್ಟದಲ್ಲಿ ಒಬ್ಬರೇ ಇರುತ್ತಿದ್ದರು ಎನ್ನುವುದು ನಿಜವೇ?

ಬೆಟ್ಟದ ಕಡೆ ಇದ್ದದ್ದು ನಿಜ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತದ ಪೂರ್ವಕ್ಕಿರುವ ಬಿಷಪ್, ಬಿಗ್ ಪೈನ್ ಊರುಗಳ ಕಡೆ ಅವರ ವಾಸ. ಹ್ಯೂಸ್ಟನ್ ತಮ್ಮ ಆತ್ಮಕಥೆಯಲ್ಲಿ ಇದನ್ನು ನೆನೆದಿದ್ದಾರೆ: ಚಿತ್ರವಿಲ್ಲದಾಗ ಕುಕ್ ಬೆಟ್ಟದ ಮೇಲೆ ಒಂಟಿಯಾಗಿದ್ದು, ಗಾಳಕ್ಕೆ ನಕಲಿ ಹುಳು ಕಟ್ಟಿ ಗೋಲ್ಡನ್ ಟ್ರೌಟ್ ಮೀನು ಹಿಡಿಯುತ್ತಿದ್ದರು, ಪಾತ್ರವಿದ್ದರೆ ಹಾಲಿವುಡ್ಡಿನವರು ಆಳು ಕಳಿಸಿ ಕರೆಸಬೇಕಿತ್ತು, ಬಂದು, ಕೆಲಸ ಮುಗಿಸಿ, ಮತ್ತೆ ಬೆಟ್ಟ ಹತ್ತುತ್ತಿದ್ದರು. ತೆರೆಯ ಮೇಲೆ ಯಾರದೋ ಮೆಚ್ಚುಗೆಗೆ ಹಂಬಲಿಸುವ ಮನುಷ್ಯರನ್ನು ಅಷ್ಟು ಚೆನ್ನಾಗಿ ಕಟ್ಟಿಕೊಟ್ಟವರಿಗೆ ಸ್ವಂತಕ್ಕೆ ಅಂಥ ಹಂಬಲ ಇರಲಿಲ್ಲ.

ಆಸ್ಕರ್ ಬಂದಿದೆಯೇ?

ಇಲ್ಲ. ನಾಮನಿರ್ದೇಶನವೂ ಆಗಲಿಲ್ಲ.

'ದಿ ಕಿಲ್ಲಿಂಗ್' ನಂತರದ ವರ್ಷಗಳಲ್ಲಿ ಏನು ಮಾಡಿದರು?

ಕೆಲಸ ನಿಲ್ಲಿಸಲಿಲ್ಲ. 1959ರ 'ಹೌಸ್ ಆನ್ ಹಾಂಟೆಡ್ ಹಿಲ್' ಚಿತ್ರದಲ್ಲಿ ದೆವ್ವದ ಭಯದಿಂದ ಕಂಗೆಟ್ಟ ಮನೆಯ ಒಡೆಯ. 1968ರ 'ರೋಸ್‌ಮೇರೀಸ್ ಬೇಬಿ' ಚಿತ್ರದ ಆರಂಭದಲ್ಲಿ ದಂಪತಿಗೆ ಅಪಾರ್ಟ್‌ಮೆಂಟ್ ತೋರಿಸುವ ನಿಕ್ಲಾಸ್. 1967ರಲ್ಲಿ 'ಸ್ಟಾರ್ ಟ್ರೆಕ್' ಧಾರಾವಾಹಿಯ ಒಂದು ಕಂತಿನಲ್ಲಿ ಕಂಪ್ಯೂಟರ್ ಒಲ್ಲದೆ ಮುದ್ರಿತ ಪುಸ್ತಕಗಳ ರಾಶಿಯ ನಡುವೆ ಬದುಕುವ ವಕೀಲ ಕಾಗ್ಲಿ. ಒಮ್ಮೆಯಾದರೂ ಅವರು ಗೆಲ್ಲುವುದನ್ನು ನೋಡಬೇಕೆಂದರೆ ಆ ಕಂತು ನೋಡಿ.

ಹಳೆಯ ಗ್ಯಾಂಗ್‌ಸ್ಟರ್ ಚಿತ್ರಗಳನ್ನು ನೋಡಿ ಬೆಳೆದ ನಿರ್ದೇಶಕರು ಅವರನ್ನು ಅಕ್ಕರೆಯಿಂದ ಮತ್ತೆ ಮತ್ತೆ ಕರೆಸಿದರು. 1973ರ 'ದಿ ಔಟ್‌ಫಿಟ್' ಚಿತ್ರದಲ್ಲಿ 'ದಿ ಕಿಲ್ಲಿಂಗ್' ಬಳಗದ ಮರೀ ವಿಂಡ್ಸರ್, ಟಿಮತಿ ಕ್ಯಾರಿ, ಕುಕ್ ಮೂವರೂ ಇದ್ದಾರೆ. 1975ರ 'ದಿ ಬ್ಲ್ಯಾಕ್ ಬರ್ಡ್' ಎಂಬ ಹಾಸ್ಯಚಿತ್ರದಲ್ಲಿ, 34 ವರ್ಷಗಳ ನಂತರ, ಮತ್ತೆ ವಿಲ್ಮರ್ ಆದರು. ಚಿತ್ರ ಅಷ್ಟಕ್ಕಷ್ಟೆ. ವಿಮ್ ವೆಂಡರ್ಸ್ ಅವರ 1982ರ 'ಹ್ಯಾಮೆಟ್' ಚಿತ್ರದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಟ್ಯಾಕ್ಸಿ ಚಾಲಕ. ಎಂಬತ್ತರ ದಶಕದಲ್ಲಿ 'ಮ್ಯಾಗ್ನಮ್ ಪಿ.ಐ.' ಧಾರಾವಾಹಿಯಲ್ಲಿ ಐಸ್ ಪಿಕ್ ಎಂಬ ಮುದಿ ಭೂಗತ ದೊರೆಯಾಗಿ ಆಗಾಗ ಬರುತ್ತಿದ್ದರು. ಬದುಕಿಡೀ ಬಂಟನಾಗಿದ್ದವರಿಗೆ ಎಂಬತ್ತರ ಆಸುಪಾಸಿನಲ್ಲಿ ಯಜಮಾನನ ಕುರ್ಚಿ ಸಿಕ್ಕಿತು ಎಂಬುದು ನನಗೆ ತುಂಬ ಸಂತೋಷ ಕೊಡುವ ಸಂಗತಿ.

1995ರ ಮೇ 18ರಂದು, 91ನೇ ವಯಸ್ಸಿನಲ್ಲಿ, ಬಿಗ್ ಪೈನ್‌ನಲ್ಲಿ ಪಾರ್ಶ್ವವಾಯುವಿನಿಂದ ತೀರಿಕೊಂಡರು. 'ದಿ ಮಾಲ್ಟೀಸ್ ಫಾಲ್ಕನ್' ಚಿತ್ರದ ಮುಖ್ಯ ಕಲಾವಿದರಲ್ಲಿ ಕೊನೆಯವರೆಗೆ ಉಳಿದಿದ್ದವರು ಅವರೇ.

ಹೊಸಬರು ಯಾವ ಚಿತ್ರದಿಂದ ಶುರುಮಾಡಬೇಕು? ಏನನ್ನು ಗಮನಿಸಬೇಕು?

'ದಿ ಕಿಲ್ಲಿಂಗ್' ಮೊದಲು. ಒಂದೂವರೆ ಗಂಟೆಯೂ ಇಲ್ಲ, ಕಥೆ ನೇರವಾಗಿ ಹಿಡಿದುಕೊಳ್ಳುತ್ತದೆ, ಕುಕ್ ಅವರಿಗೆ ಬೇಕಾದಷ್ಟು ಜಾಗ ಇದೆ. ಆಮೇಲೆ 'ದಿ ಮಾಲ್ಟೀಸ್ ಫಾಲ್ಕನ್'. ಅದರಲ್ಲಿ ಮಾತು ಬಹಳ ವೇಗ, ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡೇ ನೋಡಿ. ಮೂರನೆಯದಾಗಿ 'ಫ್ಯಾಂಟಮ್ ಲೇಡಿ'. 'ದಿ ಬಿಗ್ ಸ್ಲೀಪ್' ಕಥೆ ಎಷ್ಟು ಗೋಜಲೆಂದರೆ, ಮೊದಲ ಸಲ ನೋಡುವಾಗ ಎಳೆ ತಪ್ಪಿದರೆ ಚಿಂತೆ ಬೇಡ, ಹ್ಯಾರಿ ಜೋನ್ಸ್ ಬಂದಾಗ ಮಾತ್ರ ಫೋನ್ ಬದಿಗಿಡಿ.

ಬೇರೆಯವರು ಮಾತನಾಡುತ್ತಿರುವಾಗ ಕುಕ್ ಏನು ಮಾಡುತ್ತಿದ್ದಾರೆ ನೋಡಿ. ನಾಯಕನ ಮಾತಿಗೆ ಅವರ ಮುಖ ಮೊದಲೇ ಉತ್ತರ ಕೊಟ್ಟಿರುತ್ತದೆ. ಕೈಗಳನ್ನು ನೋಡಿ: ವಿಲ್ಮರ್‌ನ ಕೈ ಸದಾ ಜೇಬಿನಲ್ಲಿ, ಅವನ ಶಕ್ತಿಯೆಲ್ಲ ಇರುವುದು ಅಲ್ಲೇ. 'ಡಿಲಿಂಜರ್', 'ಬಾರ್ನ್ ಟು ಕಿಲ್' ಎರಡನ್ನೂ ಒಂದೇ ವಾರದಲ್ಲಿ ನೋಡಿದರೆ ಇನ್ನೂ ಒಳ್ಳೆಯದು; ಎರಡರಲ್ಲೂ ಲಾರೆನ್ಸ್ ಟಿಯರ್ನಿ ಮುಖ್ಯ ಪಾತ್ರದಲ್ಲಿ, ಕುಕ್ ಅವರ ಪಕ್ಕದಲ್ಲಿ ಇದ್ದಾರೆ. ಒಬ್ಬನೇ ನಾಯಕನ ಎದುರು ಅವರು ಎರಡು ಬೇರೆ ಮನುಷ್ಯರಾಗುವುದು ಆಗ ಚೆನ್ನಾಗಿ ಕಾಣುತ್ತದೆ.